ಆಮೆಗೂ ಬೇಕು ಬಿಸಿಲು

ಆಮೆ ಅಂದರೆ ನಮಗೆಲ್ಲ ಗಟ್ಟಿತನದ ಇನ್ನೊಂದು ಹೆಸರು. ಕಥೆಯಲ್ಲಿ ಮೊಲವನ್ನು ಸೋಲಿಸುತ್ತದೆ, ಪುರಾಣದಲ್ಲಿ ಮಂದರ ಪರ್ವತವನ್ನೇ ಬೆನ್ನ ಮೇಲೆ ಹೊರುತ್ತದೆ. ಹಾಗಾಗಿ ಅಕ್ವೇರಿಯಂ ಅಂಗಡಿಯಲ್ಲಿ ಹಸಿರು ಬಣ್ಣದ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಮರಿ ಆಮೆ ಕಂಡಾಗ ‘ನಾಯಿ, ಬೆಕ್ಕಿನ ಥರ ರಗಳೆ ಇಲ್ಲ, ಇದು ಹೇಗಾದರೂ ಬದುಕಿಕೊಳ್ಳುತ್ತದೆ’ ಅಂತ ಅನ್ನಿಸುವುದು ಸಹಜ. ಆದರೆ ಸಾಕು ಪ್ರಾಣಿಗಳ ಪೈಕಿ ನಮ್ಮ ಮನೆಯ ಒಳಗಿನ ಬದುಕಿಗೆ ಬೇಗ ಸೋಲುವುದು ಇದೇ ಗಟ್ಟಿ ಪ್ರಾಣಿ.

ಇದರ ಹೆಸರು ರೆಡ್ ಇಯರ್ಡ್ ಸ್ಲೈಡರ್. ಮೂಲ ಅಮೆರಿಕದ ಮಿಸಿಸಿಪಿ ನದಿ ಕಡೆಯದ್ದು. ಅಂಗಡಿಯಲ್ಲಿ ಅಂಗೈಯಲ್ಲಿ ಕೂರುವಷ್ಟು ಚಿಕ್ಕದಿರುತ್ತದೆ. ಬೆಳೆದರೆ 25ರಿಂದ 30 ಸೆಂಟಿಮೀಟರ್, ಅಂದರೆ ಊಟದ ತಟ್ಟೆಯಷ್ಟು. ಸರಿಯಾಗಿ ನೋಡಿಕೊಂಡರೆ 20–30 ವರ್ಷ ಬದುಕುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಆಮೆಯ ಚಿಪ್ಪು ಮೇಲೆ ಹಾಕಿದ ಮುಚ್ಚಳವಲ್ಲ, ಅದರ ಅಸ್ಥಿಪಂಜರವೇ. ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಅಗಲವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡು ಚಿಪ್ಪಾಗಿರುತ್ತದೆ. ಅದರ ಮೇಲೆ ನಮ್ಮ ಉಗುರಿನಂಥ ತೆಳು ಹೊದಿಕೆ, ಅಷ್ಟೆ. ಚಿಪ್ಪು ಮೆತ್ತಗಾಯಿತು ಅಂದರೆ ಮೂಳೆ ಮೆತ್ತಗಾಯಿತು ಅಂತಲೇ ಅರ್ಥ.

ನಮ್ಮ ಕುಟುಂಬಕ್ಕೆ ಇದೆಲ್ಲ ಗೊತ್ತಾದದ್ದು ಚಟ್ಟಂಬಡೆಯಿಂದ. ತಿನ್ನುವ ಚಟ್ಟಂಬಡೆ ಅಲ್ಲ, ಅಕ್ಕನ ಮಗನ ಆಮೆ. ಅವನ ಎಂಟನೇ ಹುಟ್ಟುಹಬ್ಬಕ್ಕೆ ಭಾವನ ಸ್ನೇಹಿತರೊಬ್ಬರು ತಂದುಕೊಟ್ಟದ್ದು. ಚಪ್ಪಟೆ, ಗುಂಡಗೆ ಇದೆ ಅಂತ ಅವನೇ ಇಟ್ಟ ಹೆಸರು. ಕರೆಯುವಾಗ ಬರೇ ‘ಬಡೆ’. ನಾವು ಉರ್ವದಲ್ಲಿ, ಅಕ್ಕನ ಫ್ಲಾಟ್ ಕೊಟ್ಟಾರದಲ್ಲಿ. ಹಾಲ್‌ನಲ್ಲಿ ಟಿವಿ ಪಕ್ಕ ಗಾಜಿನ ತೊಟ್ಟಿ, ಮೇಲೆ ಟ್ಯೂಬ್‌ಲೈಟ್. ‘ದಿನಾ ಒಂದು ಚಿಟಿಕೆ ಒಣ ಸಿಗಡಿ ಹಾಕಿ, ಮಧ್ಯೆ ಮಧ್ಯೆ ಕೋಳಿ ತುಂಡು ಕೊಡಿ, ಬೇರೆ ಏನೂ ಬೇಡ’ ಅಂತ ಅಂಗಡಿಯವರು ಹೇಳಿದ್ದರು. ಅಕ್ಕ ಅಕ್ಷರಶಃ ಹಾಗೇ ಮಾಡಿದ್ದಳು.

ಕಳೆದ ಮಳೆಗಾಲದ ನಡುವೆ ಒಂದು ದಿನ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೇ ಅಕ್ಕನ ಫೋನ್. “ಎಂತ ಅಂತ ಗೊತ್ತಾಗ್ತಿಲ್ಲ ಮಾರಾಯ, ಬಡೆ ನಾಲ್ಕು ದಿನದಿಂದ ಸರಿ ತಿನ್ನುವುದಿಲ್ಲ. ಹಿಂದಿನ ಕಾಲು ಎಳೀತಾ ಉಂಟು.” ಹಿಂದೆ ಮಗನ ದನಿ, “ಮಾಮ, ಅದರ ಬೆನ್ನು ರಬ್ಬರ್ ಥರ ಆಗಿದೆ.”

ಆಮೆ ನೋಡುವ ಪಶುವೈದ್ಯರು ಯಾರು ಅಂತ ಹುಡುಕುವುದರಲ್ಲೇ ಒಂದು ದಿನ ಹೋಯಿತು. ಸಿಕ್ಕಿದವರು ಮಾತ್ರ ತಾಳ್ಮೆಯವರು. ಬಡೆಯನ್ನು ಕೈಗೆತ್ತಿಕೊಂಡು ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲ ಒತ್ತಿದರು. ಅದು ಬಾಗಿತು. ಆಗ ತಾನೇ ಮೊಟ್ಟೆಯಿಂದ ಹೊರಬಂದ ಮರಿಗಳ ಚಿಪ್ಪು ಸ್ವಲ್ಪ ಮೃದು ಇರುವುದು ಸರಿ, ಇಷ್ಟು ತಿಂಗಳಾದ ಮೇಲೂ ಬಾಗಬಾರದು ಅಂದರು. ಎಕ್ಸ್‌ರೇಯಲ್ಲಿ ಮೂಳೆಗಳು ಬೆಳ್ಳಗೆ ಕಾಣುವ ಬದಲು ನೀರು ಬಿದ್ದ ಪೆನ್ಸಿಲ್ ಗೆರೆಯ ಥರ ಮಸುಕಾಗಿದ್ದವು. ಕಾಯಿಲೆಯ ಹೆಸರು ಮೆಟಬಾಲಿಕ್ ಬೋನ್ ಡಿಸೀಸ್. ಎಂಬಿಡಿ ಅಂತ ಕರೆಯುತ್ತಾರೆ. ಸಾಕಿದ ಇಗುವಾನಾ, ಗೆಕ್ಕೊ, ಆಮೆಗಳಲ್ಲಿ ತುಂಬ ಸಾಮಾನ್ಯ. ಸೋಂಕಲ್ಲ, ಅಂಟುವುದಿಲ್ಲ. ಊಟ ಮತ್ತು ಬೆಳಕಿನ ಕೊರತೆಯಿಂದ ಬರುವಂಥದ್ದು.

“ಬದುಕುತ್ತದಾ ಡಾಕ್ಟರ್?” ಅಂತ ಕೇಳಿದ್ದು ಅಕ್ಕನ ಮಗ. “ನೋಡುವ, ನಾವೆಲ್ಲ ಸೇರಿ ಕಷ್ಟಪಡಬೇಕು” ಅಂದರು ಅವರು. ಮಕ್ಕಳಿಗೆ ಸುಳ್ಳು ಹೇಳದ ವೈದ್ಯರು ನನಗೆ ಇಷ್ಟ.

ಈ ಕಾಯಿಲೆ ಹೇಗೆ ಕೆಲಸ ಮಾಡುತ್ತದೆ ಅಂತ ಓದುತ್ತಾ ಹೋದ ಹಾಗೆ ನನಗೆ ನೆನಪಾದದ್ದು ನಮ್ಮಂಥವರ ಬ್ಯಾಂಕ್ ಖಾತೆ. ರಕ್ತದಲ್ಲಿರುವ ಕ್ಯಾಲ್ಸಿಯಂ ಉಳಿತಾಯ ಖಾತೆಯ ಬ್ಯಾಲೆನ್ಸ್ ಇದ್ದ ಹಾಗೆ. ಹೃದಯ ಬಡಿಯಲಿಕ್ಕೆ, ಸ್ನಾಯು ಅಲ್ಲಾಡಲಿಕ್ಕೆ, ನರಗಳು ಕೆಲಸ ಮಾಡಲಿಕ್ಕೆ ದಿನಾ ಅಲ್ಲಿಂದಲೇ ಖರ್ಚು. ಮೂಳೆ ಅಂದರೆ ಎಫ್‌ಡಿ. ಊಟದಿಂದ ಕ್ಯಾಲ್ಸಿಯಂ ಬಾರದಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಮೂಳೆಯ ಎಫ್‌ಡಿ ಒಡೆದು ರಕ್ತಕ್ಕೆ ತುಂಬುತ್ತದೆ. ಬಾಡಿಗೆ, ಕರೆಂಟ್ ಬಿಲ್ ಎಲ್ಲ ಸರಿಯಾಗಿ ಕಟ್ಟಿ ಆಗುತ್ತಿರುತ್ತದೆ. ಹೊರಗಿನವರಿಗೆ ಮನೆ ಚೆನ್ನಾಗಿಯೇ ನಡೆಯುತ್ತಿದೆ ಅಂತ ಕಾಣುತ್ತದೆ. ಎಫ್‌ಡಿ ಖಾಲಿಯಾದ ದಿನ ಮಾತ್ರ ಎಲ್ಲ ಒಟ್ಟಿಗೆ ಕುಸಿಯುತ್ತದೆ.

ಅದಕ್ಕೇ ಈ ಕಾಯಿಲೆಯ ಲಕ್ಷಣ ಕಾಣುವಾಗ ತಡವಾಗಿರುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿ ಇದ್ದರೂ ಒಳಗೆ ಮೂಳೆ ಸವೆಯುತ್ತಿರಬಹುದು. ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಡಿಸ್ಕ್ ಮಾತ್ರ ಸಾಯುತ್ತಾ ಇರುತ್ತದೆ. ಮೆತ್ತಗಿನ ಚಿಪ್ಪು, ಊದಿದ ಅಥವಾ ಸೊಟ್ಟಗಾದ ದವಡೆ, ಕಾಲು ಎಳೆಯುವುದು, ಕೈಕಾಲು ನಡುಗುವುದು, ತಿನ್ನಲು ಬಾಯಿ ಹಾಕಿ ಬಿಟ್ಟುಬಿಡುವುದು. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡುವ ಅನ್ನಬಾರದು.

ಹಾಗಾದರೆ ತಡೆಯುವುದು ಹೇಗೆ? ಮೂರು ವಿಷಯ ಒಟ್ಟಿಗೆ ಬೇಕು. ಊಟದಲ್ಲಿ ಕ್ಯಾಲ್ಸಿಯಂ, ಚರ್ಮಕ್ಕೆ ಬಿಸಿಲು, ಮೈಗೆ ಬೆಚ್ಚಗಿನ ಜಾಗ. ಒಂದು ತಪ್ಪಿದರೆ ಉಳಿದೆರಡು ಇದ್ದೂ ಪ್ರಯೋಜನ ಕಡಿಮೆ.

ಮೊದಲು ಊಟ. ಊಟದಲ್ಲಿ ಫಾಸ್ಫರಸ್ ಒಂದು ಪಾಲಾದರೆ ಕ್ಯಾಲ್ಸಿಯಂ ಎರಡು ಪಾಲು ಇರುವುದು ಒಳ್ಳೆಯದು. ಮೂಳೆಯಿಲ್ಲದ ಕೋಳಿ ಮಾಂಸದಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅದರಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಹತ್ತು ಪಟ್ಟಿಗೂ ಹೆಚ್ಚು. ಫಾಸ್ಫರಸ್ ಹೀಗೆ ಜಾಸ್ತಿಯಾದರೆ ಇದ್ದ ಸ್ವಲ್ಪ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಒಂದು ಉದಾಹರಣೆ ನಮ್ಮ ಪಿಲಿಕುಳದಲ್ಲೇ ಇದೆ. ಅಲ್ಲಿನ ಜೈವಿಕ ಉದ್ಯಾನದಲ್ಲಿ ಕಾಳಿಂಗ ಸರ್ಪಗಳಿವೆಯಲ್ಲ, ಕಾಳಿಂಗದ ಮುಖ್ಯ ಆಹಾರ ಬೇರೆ ಹಾವುಗಳು. ತಲೆಯಿಂದ ಬಾಲದವರೆಗೆ, ಎಲುಬು ಸಮೇತ ನುಂಗುತ್ತದೆ. ಹೀಗೆ ಇಡೀ ಪ್ರಾಣಿ ತಿನ್ನುವ ಹಾವುಗಳಿಗೆ ಎಂಬಿಡಿ ಬರುವುದು ಅಪರೂಪ. ಬೋನ್‌ಲೆಸ್ ಅನ್ನುವುದು ಮನುಷ್ಯರ ಐಷಾರಾಮ.

ಬಡೆಯ ಜಾತಿಯವು ಚಿಕ್ಕದಿರುವಾಗ ಹೆಚ್ಚು ಮಾಂಸಾಹಾರಿ, ಬೆಳೆದಂತೆ ಸೊಪ್ಪಿನ ಕಡೆ ವಾಲುತ್ತವೆ. ಆಮೆಗಳಿಗೆಂದೇ ತಯಾರಿಸಿದ ಒಳ್ಳೆಯ ಪೆಲೆಟ್ ಮುಖ್ಯ ಊಟ. ಒಣ ಸಿಗಡಿ ನಮಗೆ ಚಿಪ್ಸ್ ಇದ್ದ ಹಾಗೆ, ಯಾವಾಗಲಾದರೂ ಒಮ್ಮೆ. ಸೊಪ್ಪಿಗೆ ಉರ್ವ ಮಾರ್ಕೆಟಿಗೆ ಹೋದರೆ ಸಾಕು. ನುಗ್ಗೆ ಸೊಪ್ಪು, ಮೂಲಂಗಿ ಸೊಪ್ಪು ಕ್ಯಾಲ್ಸಿಯಂ ಇರುವಂಥವು. ದಾಸವಾಳದ ಎಳೆ ಎಲೆ ನಮ್ಮಲ್ಲಿ ಯಾರ ಕಾಂಪೌಂಡಿನಲ್ಲಾದರೂ ಸಿಗುತ್ತದೆ, ಔಷಧ ಹೊಡೆಯದ ಗಿಡದ್ದಾಗಿರಬೇಕು. ಪಾಲಕ್, ಹರಿವೆ, ಬಸಳೆಗಳಲ್ಲಿ ಆಕ್ಸಲೇಟ್ ಇರುವುದರಿಂದ ಅವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಸಳೆ ನಮ್ಮ ಪುಂಡಿಗೇ ಇರಲಿ.

ಇನ್ನೊಂದು ಸುಲಭದ ವಸ್ತು ಕಟಲ್‌ಫಿಶ್ ಎಲುಬು. ಬೊಂಡಾಸ್‌ನ ಬಳಗದ ಈ ಕಡಲ ಪ್ರಾಣಿಯ ಒಳಗಿರುವ ಬಿಳಿ, ಹಗುರ ಹಲಗೆ. ಆಯುರ್ವೇದದಲ್ಲಿ ಸಮುದ್ರಫೇನ ಅನ್ನುವುದು ಇದನ್ನೇ. ಲವ್‌ಬರ್ಡ್ಸ್ ಗೂಡಿನಲ್ಲಿ ತೂಗು ಹಾಕಿರುವುದನ್ನು ನೀವು ನೋಡಿರಬಹುದು. ಹೆಚ್ಚೂಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಗಟ್ಟಿ ಹಿಂಬದಿಯನ್ನು ಕೆರೆದು ತೆಗೆದು ಒಂದು ತುಂಡು ನೀರಿಗೆ ಬಿಟ್ಟರೆ ಆಮೆ ಬೇಕಾದಾಗ ಕಚ್ಚಿಕೊಳ್ಳುತ್ತದೆ.

ಆದರೆ ಕ್ಯಾಲ್ಸಿಯಂ ಎಷ್ಟೇ ಸುರಿದರೂ ಅದನ್ನು ಕರುಳಿನಿಂದ ಒಳಗೆ ಎಳೆದುಕೊಳ್ಳಲು ವಿಟಮಿನ್ ಡಿ ಬೇಕು. ಅದನ್ನು ತಯಾರಿಸುವುದು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಅನ್ನುವ ಭಾಗ ಚರ್ಮಕ್ಕೆ ಬಿದ್ದರೆ ಅಲ್ಲಿ ವಿಟಮಿನ್ ಡಿ ತಯಾರಾಗಲು ಶುರುವಾಗುತ್ತದೆ, ಮೈ ಬೆಚ್ಚಗಿದ್ದರೆ ಆ ಕೆಲಸ ಮುಂದುವರಿಯುತ್ತದೆ. ಸರೀಸೃಪಗಳ ಮೈ ತಾನಾಗಿ ಬೆಚ್ಚಗಾಗುವುದಿಲ್ಲವಾದ್ದರಿಂದ ಅವಕ್ಕೆ ಬೆಳಕೂ ಬೇಕು, ಶಾಖವೂ ಬೇಕು.

ಇದು ಮನುಷ್ಯರಿಗೆ ಗೊತ್ತಾದ ಕಥೆಯೂ ಸ್ವಾರಸ್ಯವಾಗಿದೆ. 1880ರ ದಶಕದ ಕೊನೆಯಲ್ಲಿ ಲಂಡನ್ ಮೃಗಾಲಯದ ಸಿಂಹದ ಮರಿಗಳು ಕಾಲು ಸೊಟ್ಟಗಾಗಿ ಸಾಯುತ್ತಿದ್ದವು. ಅವಕ್ಕೆ ಕೊಡುತ್ತಿದ್ದದ್ದು ಕೊಬ್ಬಿಲ್ಲದ ಕುದುರೆ ಮಾಂಸ. ಜಾನ್ ಬ್ಲಾಂಡ್-ಸಟನ್ ಎಂಬ ಸರ್ಜನ್ ಪುಡಿ ಮಾಡಿದ ಮೂಳೆ, ಹಾಲು, ಕಾಡ್ ಮೀನಿನ ಲಿವರ್ ಎಣ್ಣೆ ಕೊಡಿಸಿದರು, ಮರಿಗಳು ಚೇತರಿಸಿಕೊಂಡವು. ಆಮೇಲೆ 1919ರಲ್ಲಿ ಬರ್ಲಿನ್‌ನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಬಂದ ಮಕ್ಕಳಿಗೆ ಅತಿನೇರಳೆ ದೀಪದ ಬೆಳಕು ಹಾಯಿಸಿ ಗುಣಪಡಿಸಿದರು. ಒಂದು ಕೈಗೆ ಮಾತ್ರ ಬೆಳಕು ಕೊಟ್ಟರೂ ಇನ್ನೊಂದು ಕೈಯ ಮೂಳೆಯೂ ಗಟ್ಟಿಯಾಯಿತು. ಅಂದರೆ ಬೆಳಕು ಚರ್ಮದಲ್ಲಿ ಏನನ್ನೋ ತಯಾರಿಸುತ್ತದೆ, ಅದು ರಕ್ತದಲ್ಲಿ ಓಡಾಡುತ್ತದೆ ಅಂತಾಯಿತು. ಸಿಂಹದ ಮರಿ, ಬರ್ಲಿನ್‌ನ ಮಗು, ಕೊಟ್ಟಾರದ ಆಮೆ, ಮೂವರ ತೊಂದರೆಯೂ ಒಂದೇ ಜಾತಿಯದ್ದು.

ಇಲ್ಲಿ ನಿಮಗೆ ಒಂದು ಪ್ರಶ್ನೆ ಬರಬಹುದು. ಮಂಗಳೂರಿನಲ್ಲಿ ಬಿಸಿಲಿಗೆ ಬರವಾ? ಏಪ್ರಿಲ್‌ನಲ್ಲಿ ಲೇಡಿಹಿಲ್‌ನಿಂದ ಉರ್ವಸ್ಟೋರ್‌ವರೆಗೆ ನಡೆದವರು ಯಾರೂ ಹಾಗೆ ಹೇಳಲಿಕ್ಕಿಲ್ಲ. ಆದರೆ ಬಿಸಿಲು ಊರಲ್ಲಿದ್ದರೆ ಸಾಲದು, ಚರ್ಮದ ಮೇಲೆ ಬೀಳಬೇಕು. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಯುವಿಬಿಯನ್ನು ಬಹುಪಾಲು ತಡೆಯುತ್ತದೆ. ಗಾಜಿನ ತೊಟ್ಟಿಯದ್ದೂ ಅದೇ ಕಥೆ. ಮನೆಯ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ. ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಬಟ್ಟೆ ಒಣಗದ ಬಾಲ್ಕನಿಯಲ್ಲಿ ಆಮೆಯ ಮೂಳೆ ಬೆಳೆಯುವುದು ಹೇಗೆ?

ಬಿಸಿಲಿರುವ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ಹೊರಗೆ ಬಿಡಬಹುದು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಡಬಾರದು, ನೀರು ಕಾದು ಆಮೆ ಬೇಯುತ್ತದೆ. ಅಗಲದ ಪ್ಲಾಸ್ಟಿಕ್ ಟಬ್, ಅರ್ಧ ಭಾಗಕ್ಕೆ ನೆರಳು, ಮೇಲೆ ತಂತಿ ಬಲೆ. ಬಲೆ ಯಾಕೆ ಅಂದರೆ ನಮ್ಮಲ್ಲಿ ಕಾಗೆ, ಗಿಡುಗಗಳಿಗೆ ಬರವಿಲ್ಲ. ಒಬ್ಬರು ಪಕ್ಕದಲ್ಲೇ ಕೂತಿರುವುದು ಇನ್ನೂ ಒಳ್ಳೆಯದು.

ಮಳೆಗಾಲಕ್ಕೆ ಮತ್ತು ನಮ್ಮಂಥ ಆಫೀಸಿನವರಿಗೆ ಯುವಿಬಿ ದೀಪವೇ ದಾರಿ. ಸರೀಸೃಪಗಳಿಗೆಂದೇ ಸಿಗುವ ದೀಪ, ದಿನಕ್ಕೆ 10–12 ಗಂಟೆ. ನೀರಿನಿಂದ ಮೇಲೆ ಬಂದು ಮೈ ಪೂರ್ತಿ ಒಣಗಿಸಿಕೊಳ್ಳಲು ಒಂದು ಕಲ್ಲು ಅಥವಾ ಹಲಗೆ, ಅದರ ಮೇಲಿಂದ ದೀಪ. ಎಷ್ಟು ದೂರ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಬೇಕು. ಮಧ್ಯೆ ಗಾಜು ಇರಬಾರದು. ಆ ಒಣ ಜಾಗದಲ್ಲಿ ಶಾಖ 30 ಡಿಗ್ರಿಗಿಂತ ಸ್ವಲ್ಪ ಮೇಲಿರಬೇಕು, ನೀರು 25ರ ಆಸುಪಾಸು. ಇನ್ನೊಂದು ಮುಖ್ಯ ಸಂಗತಿ, ದೀಪ ಉರಿಯುತ್ತಿದ್ದರೂ ಅದರ ಯುವಿಬಿ ಕಾಲ ಕಳೆದಂತೆ ಕುಗ್ಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ, ತಯಾರಕರು ಹೇಳಿದ ಅವಧಿಗೆ, ಬದಲಾಯಿಸಬೇಕು. ನಾನು ಅಕ್ಕನ ಫೋನ್ ಕ್ಯಾಲೆಂಡರಿನಲ್ಲಿ ರಿಮೈಂಡರ್ ಹಾಕಿಟ್ಟಿದ್ದೇನೆ. ದೀಪ ಆನ್-ಆಫ್ ಮಾಡಲು ಒಂದು ಟೈಮರ್ ಪ್ಲಗ್. ನಾನು ಮಾಡಿದ ಎಂಜಿನಿಯರಿಂಗ್ ಅಷ್ಟೆ.

ಇದರ ಮಧ್ಯೆ ಮನೆಯಲ್ಲಿ ಎರಡು ಚರ್ಚೆ ನಡೆಯಿತು. ಮೊದಲನೆಯದು ಅಮ್ಮನ ಪುಡಿಯದ್ದು. ಅಮ್ಮನಿಗೆ ಮಂಡಿ ನೋವಿಗೆ ವೈದ್ಯರು ವಿಟಮಿನ್ ಡಿ ಸ್ಯಾಚೆ ಕೊಟ್ಟಿದ್ದಾರೆ, ಒಂದರಲ್ಲಿ 60,000 ಯುನಿಟ್. “ಅದರಲ್ಲೇ ಒಂದು ಚಿಟಿಕೆ ಆಮೆಗೂ ಹಾಕಿದರೆ ಆಗಲಿಕ್ಕಿಲ್ವಾ?” ಅಂತ ಅಮ್ಮ. ಆಗುವುದಿಲ್ಲ. ವಿಟಮಿನ್ ಡಿ ಜಾಸ್ತಿಯಾದರೆ ಮೈಯಿಂದ ಸುಲಭಕ್ಕೆ ಹೊರಗೆ ಹೋಗುವುದಿಲ್ಲ, ಕ್ಯಾಲ್ಸಿಯಂ ಕಿಡ್ನಿ, ರಕ್ತನಾಳಗಳಲ್ಲಿ ಕೂತುಬಿಡುತ್ತದೆ. ಕೆಲವೇ ಗ್ರಾಂ ತೂಗುವ ಪ್ರಾಣಿಗೆ ಮನುಷ್ಯರ ಡೋಸ್‌ನ ಚಿಟಿಕೆಯೂ ವಿಷ. ಬಿಸಿಲಿನಿಂದ ತಯಾರಾಗುವಾಗ ಸಾಕಾದ ಮೇಲೆ ಚರ್ಮ ತಾನೇ ನಿಲ್ಲಿಸುತ್ತದೆ. ಪ್ಯಾಕೆಟಿಗೆ ಆ ಬುದ್ಧಿ ಇಲ್ಲ. ಬಡೆಗೆ ಎಷ್ಟು ಕ್ಯಾಲ್ಸಿಯಂ, ಎಷ್ಟು ದಿನ ಅಂತ ತೂಕ ನೋಡಿ ನಿರ್ಧರಿಸಿದ್ದು ವೈದ್ಯರೇ.

ಎರಡನೆಯದು ಸ್ವಲ್ಪ ಕಷ್ಟದ್ದು. ಭಾವ ಒಂದು ರಾತ್ರಿ ಮೆಲ್ಲ ಹೇಳಿದರು, “ಅದು ಹೀಗೆ ನರಳುವುದು ನೋಡಲಿಕ್ಕೆ ಆಗುವುದಿಲ್ಲ. ಸುಲ್ತಾನ್ ಬತ್ತೇರಿ ಹತ್ತಿರ ಹೊಳೆಗೆ ಬಿಡುವ. ಬದುಕುವುದಾದರೆ ಬದುಕಲಿ.” ಅವರದ್ದು ಕಲ್ಲು ಮನಸ್ಸಲ್ಲ. ಮಗ ಅಳುವುದನ್ನು ನೋಡಿ ಬಂದ ಮಾತು. ಎಷ್ಟೋ ಮನೆಗಳಲ್ಲಿ ಆಮೆ ತಟ್ಟೆಯಷ್ಟು ದೊಡ್ಡದಾದ ಮೇಲೆ ಇದೇ ಮಾತು ಬರುತ್ತದೆ. ಹೊಳೆ ಇಲ್ಲವಾದರೆ ದೇವಸ್ಥಾನದ ಕೆರೆ.

ಮೂಳೆ ಮೆತ್ತಗಾದ ಆಮೆ ಹೊಳೆಯಲ್ಲಿ ಒಂದು ದಿನವೂ ಉಳಿಯುವುದು ಕಷ್ಟ. ಗಟ್ಟಿಯಿರುವ ಸ್ಲೈಡರ್ ಬಿಟ್ಟರೆ ತೊಂದರೆ ಊರಿನದ್ದು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ನಮ್ಮ ಕೆರೆಯ ಆಮೆಗಳ ಊಟ, ಬಿಸಿಲು ಕಾಯಿಸುವ ಜಾಗ ಎರಡನ್ನೂ ಇದು ಕಸಿದುಕೊಳ್ಳುತ್ತದೆ. ಹೀಗೆಲ್ಲ ಹೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾವೇ ನೋಡಿಕೊಳ್ಳಬೇಕು” ಅಂದರು. ಮರುದಿನ ದೀಪ ಆರ್ಡರ್ ಮಾಡಿದ್ದು ಅವರೇ.

ಬಡೆ ಉಳಿಯಿತು. ಎರಡು ತಿಂಗಳಲ್ಲಿ ತಿನ್ನಲು ಶುರು ಮಾಡಿತು, ಆಮೇಲಿನ ಎಕ್ಸ್‌ರೇಯಲ್ಲಿ ಗೆರೆಗಳು ಬೆಳ್ಳಗಾಗಿದ್ದವು. ಚಿಪ್ಪು ಈಗ ಗಟ್ಟಿ. ಆದರೆ ಬೆನ್ನಿನ ಹಿಂಭಾಗ ತಗ್ಗಾಗಿದೆ, ಒಂದು ಕಾಲು ಸ್ವಲ್ಪ ಹೊರಗೆ ತಿರುಗಿದೆ. ಮೆತ್ತಗಿದ್ದಾಗ ಬಾಗಿದ ಮೂಳೆ ಬಾಗಿದ ಆಕಾರದಲ್ಲೇ ಗಟ್ಟಿಯಾಗಿದೆ. ಅದು ಇನ್ನು ಸರಿಹೋಗುವುದಿಲ್ಲ ಅಂತ ವೈದ್ಯರು ಮೊದಲೇ ಹೇಳಿದ್ದರು. ಈ ಕಾಯಿಲೆಗೆ ಚಿಕಿತ್ಸೆಗಿಂತ ತಡೆಯುವುದೇ ದೊಡ್ಡದು ಅನ್ನುವುದು ಅದಕ್ಕೇ.

ಅಕ್ಕನ ಮಗ ಈಗ ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ಅಲ್ಲ, ಬಡೆಗೆಂದೇ ತಂದ ಚಿಕ್ಕ ತಕ್ಕಡಿಯಲ್ಲಿ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಅದರಿಂದ ಕಾಯಿಲೆ ಬರುತ್ತದೆ ಅಂತಲೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಷೇಧಿಸಿದ್ದಾರೆ.

ಕಾನೂನಿನ ಮಾತೊಂದು. ನಕ್ಷತ್ರ ಆಮೆಯಂಥ ನಮ್ಮ ದೇಶದ ಕಾಡು ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಅದೃಷ್ಟಕ್ಕೆ ಅಂತ ಯಾರು ಕೊಟ್ಟರೂ ಬೇಡ. ಇಗುವಾನಾ, ಬಾಲ್ ಪೈಥಾನ್ ಥರದ ವಿದೇಶಿ ಪ್ರಾಣಿಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಈ ಪ್ರಾಣಿಗಳನ್ನು ಇಷ್ಟಪಡುವವರು ನಮ್ಮ ವಯಸ್ಸಿನವರಲ್ಲಿ ತುಂಬ ಜನ ಇದ್ದಾರೆ ಅಂತ ನನಗೆ ಗೊತ್ತು. ಬಾಡಿಗೆ ಮನೆಯಲ್ಲಿ ನಾಯಿಗೆ ಒಪ್ಪಿಗೆ ಸಿಗುವುದಿಲ್ಲ, ಆಮೆಗೆ ಯಾರೂ ಬೇಡ ಅನ್ನುವುದಿಲ್ಲ. ತರುವ ಮೊದಲು ಅಂಗಡಿಯಲ್ಲಿ ಬೆಲೆ ಕೇಳುವ ಹೊತ್ತಿಗೇ ನಿಮ್ಮನ್ನು ನೀವು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಯುವಿಬಿ ದೀಪಕ್ಕೆ, ವರ್ಷ ವರ್ಷ ಅದನ್ನು ಬದಲಾಯಿಸುವುದಕ್ಕೆ ದುಡ್ಡು ತೆಗೆದಿಟ್ಟಿದ್ದೀರಾ? ಸರೀಸೃಪ ನೋಡುವ ವೈದ್ಯರ ನಂಬರ್ ಫೋನಿನಲ್ಲಿ ಇದೆಯಾ? ತಟ್ಟೆಯಷ್ಟು ದೊಡ್ಡದಾದಾಗ ಇಡಲು ಜಾಗ ಇದೆಯಾ? ಇಪ್ಪತ್ತು ವರ್ಷದಲ್ಲಿ ಬೆಂಗಳೂರಿಗೋ ವಿದೇಶಕ್ಕೋ ಹೋಗಬೇಕಾಗಿ ಬಂದರೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ಇಲ್ಲದಿದ್ದರೆ ಆಮೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈಗಾಗಲೇ ಮನೆಯಲ್ಲಿ ಇದ್ದರೆ ಇವತ್ತು ಸಂಜೆ ಆಫೀಸಿನಿಂದ ಬಂದವರೇ ಚಿಪ್ಪಿನ ಅಂಚನ್ನು ಬೆರಳಿನಿಂದ ಮೆಲ್ಲ ಒತ್ತಿ ನೋಡಿ. ಗಟ್ಟಿ ಇದ್ದರೆ ಸಂತೋಷ, ದೀಪ ಹಾಕಿದ ತಾರೀಕು ಬರೆದಿಡಿ. ಮೆತ್ತಗಿದ್ದರೆ ನಾಳೆ ಬೆಳಿಗ್ಗೆಯೇ ವೈದ್ಯರಲ್ಲಿಗೆ ಹೋಗಿ.